ಒಂದು ಅಂಕದೊಳಗೆ ಒಂದು ಲಕ್ಷ ಜನ

ಭಾರತೀಯ ರೈಲ್ವೆ 2018–19ರಲ್ಲಿ ದಿನವೊಂದಕ್ಕೆ ಸರಾಸರಿ 2.3 ಕೋಟಿ ಪ್ರಯಾಣಿಕರನ್ನು ಹೊತ್ತು ಓಡಾಡಿತು. ಮುಂಬೈಯ ಲೋಕಲ್‌ಗಳು, ಎರಡು ರಾತ್ರಿ ಕಳೆಯುವ ಎಕ್ಸ್‌ಪ್ರೆಸ್‌ಗಳು, ಊರೂರಿಗೂ ನಿಲ್ಲುವ ಪ್ಯಾಸೆಂಜರ್ ಗಾಡಿಗಳು ಎಲ್ಲ ಸೇರಿದ ಲೆಕ್ಕ ಅದು. ಆ ವರ್ಷಕ್ಕೆ ಸ್ವಲ್ಪ ಮುಂಚೆ, 2018ರ ಫೆಬ್ರುವರಿಯಲ್ಲಿ, ಅದೇ ರೈಲ್ವೆ ಎರಡು ನೇಮಕಾತಿ ಅಧಿಸೂಚನೆ ಹೊರಡಿಸಿತ್ತು. ಒಂದು ಸಹಾಯಕ ಲೋಕೊ ಪೈಲಟ್ ಮತ್ತು ಟೆಕ್ನೀಷಿಯನ್‌ಗಳಿಗೆ. ಇನ್ನೊಂದು, ಜನ ಇವತ್ತಿಗೂ ‘ಗ್ರೂಪ್ ಡಿ’ ಎಂದೇ ಕರೆಯುವ ಕೆಳಹಂತದ ಹುದ್ದೆಗಳಿಗೆ. ಆಗ ಕರೆದ ಹುದ್ದೆಗಳು ಸುಮಾರು 90,000. ಬಂದ ಅರ್ಜಿಗಳು 2.37 ಕೋಟಿ.

ರೈಲಿನಲ್ಲಿ ಕೆಲಸ ಕೊಡಿ ಎಂಬ ಅರ್ಜಿಗಳು, ಒಂದು ದಿನ ಇಡೀ ದೇಶದಲ್ಲಿ ರೈಲು ಹತ್ತಿದ ಪ್ರಯಾಣಿಕರಷ್ಟೇ ಆದವು. ಶ್ರೀಲಂಕಾದ ಜನಸಂಖ್ಯೆಗಿಂತ ಇದು ಹೆಚ್ಚು. ಕರ್ನಾಟಕದ ಜನಸಂಖ್ಯೆ 2011ರ ಜನಗಣತಿಯಲ್ಲಿ 6.11 ಕೋಟಿ, ಅದರ ಮೂರನೇ ಒಂದು ಭಾಗವನ್ನೂ ಈ ಸಂಖ್ಯೆ ಮೀರುತ್ತದೆ. ರೈಲ್ವೆಯಲ್ಲಿ ದುಡಿಯುತ್ತಿರುವವರೇ ಹೆಚ್ಚೂಕಡಿಮೆ 12 ಲಕ್ಷ. ಎರಡೂ ಅಧಿಸೂಚನೆಗೆ ಅರ್ಜಿ ಹಾಕಿದವರು ಬಹಳ ಮಂದಿ, ಹಾಗಾಗಿ ಅರ್ಜಿ ಬೇರೆ, ತಲೆ ಬೇರೆ. ಅದನ್ನು ಕಳೆದರೂ, ಗ್ರೂಪ್ ಡಿ ಒಂದಕ್ಕೇ ಬಂದ ಅರ್ಜಿ 1.89 ಕೋಟಿ.

ಏನು ಕೆಲಸ ಅದು? ಬಹುಪಾಲು ಟ್ರ್ಯಾಕ್ ಮೇಂಟೇನರ್. ಬಿಸಿಲು ಮಳೆ ಎನ್ನದೆ ಹಳಿಗುಂಟ ನಡೆಯಬೇಕು, ಸಡಿಲಾದ ಕೀಲು ಬಿಗಿಯಬೇಕು, ಜಲ್ಲಿ ಸರಿಮಾಡಬೇಕು. ಮೂಲವೇತನ 18,000 ರೂಪಾಯಿ. ಲಿಖಿತ ಪರೀಕ್ಷೆ ದಾಟಿದ ಹುಡುಗ 35 ಕೆ.ಜಿ. ಭಾರ ಎತ್ತಿಕೊಂಡು, ನಡುವೆ ಕೆಳಗಿಡದೆ, 100 ಮೀಟರನ್ನು 2 ನಿಮಿಷದಲ್ಲಿ ಮುಗಿಸಬೇಕು. 1,000 ಮೀಟರ್ ಓಟಕ್ಕೆ 4 ನಿಮಿಷ 15 ಸೆಕೆಂಡು. ಹುಡುಗಿಯರಿಗೆ 20 ಕೆ.ಜಿ., ಓಟಕ್ಕೆ 5 ನಿಮಿಷ 40 ಸೆಕೆಂಡು. ಇಷ್ಟು ಕಷ್ಟದ ಕೆಲಸಕ್ಕೆ ಇಷ್ಟು ಜನ ಯಾಕೆ ಎಂದು ಕೇಳುವವರು ಇನ್ನೊಂದು ಅಂಕಿಯನ್ನು ನೋಡಬೇಕು. 2023–24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವವರಲ್ಲಿ ತಿಂಗಳ ಸಂಬಳ ಕಾಣುವವರು ಶೇ. 21.7 ಮಾತ್ರ. ಉಳಿದವರದು ಸ್ವಂತ ದುಡಿಮೆ ಅಥವಾ ದಿನಗೂಲಿ. ಒಂದನೇ ತಾರೀಖಿಗೆ ತಪ್ಪದೆ ಬರುವ ಹಣ, ಕಾಯಿಲೆ ಬಿದ್ದರೆ ರೈಲ್ವೆ ಆಸ್ಪತ್ರೆ, ಇರಲು ಕ್ವಾರ್ಟರ್ಸ್: ಇವು ಇಲ್ಲದ ಮನೆಯಲ್ಲಿ ಬೆಳೆದವರಿಗೆ 18,000 ಎಂಬುದು ಬರೀ 18,000 ಅಲ್ಲ.

ಇಷ್ಟು ಜನರನ್ನು ಕರೆದು ಮಾತಾಡಿಸುವುದು ಯಾರಿಂದಲೂ ಆಗದು. ಅರ್ಜಿಗೆ ಹತ್ತೇ ನಿಮಿಷದ ಸಂದರ್ಶನ ಎಂದಿಟ್ಟುಕೊಳ್ಳಿ. 2.37 ಕೋಟಿಗೆ 39.5 ಲಕ್ಷ ಗಂಟೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 250 ದಿನ ಕೂರುವ ಒಂದು ಸಮಿತಿಗೆ ಇದನ್ನು ಮುಗಿಸಲು 1,975 ವರ್ಷ ಹಿಡಿಯುತ್ತದೆ. ಹಲ್ಮಿಡಿ ಶಾಸನ ಕಲ್ಲಿನ ಮೇಲೆ ಮೂಡುವ ಎಷ್ಟೋ ಶತಮಾನ ಮೊದಲೇ ಶುರುಮಾಡಿದ್ದರೆ ಈಗ ಕೊನೆಯವರು ಒಳಗೆ ಹೋಗುತ್ತಿದ್ದರು. ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನು 2016ರ ಜನವರಿ 1ರಿಂದಲೇ ಕೈಬಿಟ್ಟಿತು. ಲಂಚ, ವಶೀಲಿ ತಡೆಯುವುದಕ್ಕೆ ಎಂದು ಹೇಳಿದ ಕಾರಣ ಸರಿಯಾದದ್ದೇ. ಆದರೆ ಸಂಖ್ಯೆ ಈ ಮಟ್ಟ ಮುಟ್ಟಿದ ಮೇಲೆ ಪ್ರಾಮಾಣಿಕರಿಂದಲೂ ಅದು ಸಾಧ್ಯವಿರಲಿಲ್ಲ. ಉತ್ತರ ಪ್ರದೇಶದಲ್ಲಿ 2015ರಲ್ಲಿ ಸಚಿವಾಲಯದ 368 ಜವಾನ ಹುದ್ದೆಗಳಿಗೆ 23 ಲಕ್ಷ ಅರ್ಜಿ ಬಂದವು, ಅವುಗಳಲ್ಲಿ 255 ಪಿಎಚ್‌ಡಿ ಪಡೆದವರವು. ಬೇಕಿದ್ದ ಅರ್ಹತೆ ಐದನೇ ತರಗತಿ ಮತ್ತು ಸೈಕಲ್ ತುಳಿಯಲು ಬರುವುದು. ದಿನಕ್ಕೆ 2,000 ಮಂದಿಯನ್ನು ಮಾತಾಡಿಸಿದರೂ ಮೂರು ವರ್ಷಕ್ಕೆ ಮುಗಿಯದ ಸಾಲು ಅದು.

ಹಾಗಾಗಿ ಉಳಿದದ್ದು ಕಂಪ್ಯೂಟರ್ ಪರೀಕ್ಷೆ. ಈ ಪರೀಕ್ಷೆಯ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನನ್ನನ್ನು ಬೆರಗುಗೊಳಿಸಿದ್ದು ಅರ್ಜಿಯ ಸಂಖ್ಯೆಗಿಂತ ಹೆಚ್ಚಾಗಿ ಇದು.

2019ರ ಫೆಬ್ರುವರಿ ಕೊನೆಯಲ್ಲಿ ರೈಲ್ವೆ ‘ಎನ್‌ಟಿಪಿಸಿ’ ಹುದ್ದೆಗಳನ್ನು ಕರೆಯಿತು. ಸ್ಟೇಷನ್ ಮಾಸ್ಟರ್, ಗೂಡ್ಸ್ ಗಾರ್ಡ್, ಟಿಕೆಟ್ ಗುಮಾಸ್ತ, ಅಕೌಂಟ್ಸ್ ಸಹಾಯಕ ಇತ್ಯಾದಿ ಒಟ್ಟು 35,281. ಅರ್ಜಿಗಳು 1.26 ಕೋಟಿ ದಾಟಿದವು. 2011ರ ಬೆಂಗಳೂರು ನಗರ ಜಿಲ್ಲೆಯ ಒಟ್ಟು ಜನಸಂಖ್ಯೆಗಿಂತ 30 ಲಕ್ಷ ಹೆಚ್ಚು. ಮೊದಲ ಹಂತದ ಪರೀಕ್ಷೆ ಶುರುವಾದದ್ದು 2020ರ ಡಿಸೆಂಬರ್ 28ಕ್ಕೆ, ಮುಗಿದದ್ದು 2021ರ ಜುಲೈ 31ಕ್ಕೆ. ನಡುವೆ ಕೊರೊನಾ. 211 ಊರು, 726 ಕೇಂದ್ರ, 68 ದಿನ, 133 ಪಾಳಿ, 15 ಭಾಷೆ. ಒಂದು ಪಾಳಿಗೆ ಸರಾಸರಿ 95,000 ಮಂದಿ ಹಾಜರಾಗಬೇಕಾದ ಲೆಕ್ಕ.

ಪ್ರತಿ ಪಾಳಿಗೂ ಬೇರೆಯದೇ ಪ್ರಶ್ನೆಪತ್ರಿಕೆ. ತಲಾ 100 ಪ್ರಶ್ನೆಯಂತೆ 133 ಪಾಳಿಗೆ 13,300 ಪ್ರಶ್ನೆ ಬೇಕು. ಅವನ್ನು 15 ಭಾಷೆಗಳಲ್ಲಿ ಕೊಡಬೇಕು: ಹೆಚ್ಚೂಕಡಿಮೆ 2 ಲಕ್ಷ ಪ್ರಶ್ನೆಪಾಠಗಳು. ಒಂದು ಪರೀಕ್ಷೆಯ ಒಂದು ಹಂತಕ್ಕೆ! ಪ್ರತಿ ಅಭ್ಯರ್ಥಿಗೆ ಸಿಗುವ ಸಮಯ 90 ನಿಮಿಷ. ಅರ್ಜಿ ಹಾಕಿದವರೆಲ್ಲ ಬಂದು ಕೂತರು ಎಂದುಕೊಂಡು ಆ ನಿಮಿಷಗಳನ್ನು ಒಂದರ ಹಿಂದೊಂದು ಜೋಡಿಸಿದರೆ 2,150 ವರ್ಷ ದಾಟುತ್ತದೆ.

ಈಗ ಅಂಕಗಳಿಗೆ ಬರೋಣ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಮೂರನೇ ಒಂದು ಅಂಕ ಕಡಿತ. ಎಲ್ಲ ಸರಿಯಾದರೆ 100. ಎಲ್ಲ ತಪ್ಪಾದರೆ ಸೊನ್ನೆಗಿಂತ 33.33 ಕೆಳಗೆ. ಈ ಎರಡು ತುದಿಗಳ ನಡುವೆ ಮೂರನೇ ಒಂದರ ಅಂತರದಲ್ಲಿ ಸಿಗಬಹುದಾದ ಬೇರೆ ಬೇರೆ ಅಂಕಗಳನ್ನು ಎಣಿಸಿ ನೋಡಿದೆ. ಸುಮಾರು 400 ಮೆಟ್ಟಿಲುಗಳಾಗುತ್ತವೆ, ಅಷ್ಟೇ. 1.26 ಕೋಟಿ ಜನ 400 ಮೆಟ್ಟಿಲುಗಳ ಮೇಲೆ ನಿಲ್ಲಬೇಕು. ಸಮನಾಗಿ ಹಂಚಿದರೂ ಒಂದೊಂದು ಮೆಟ್ಟಿಲ ಮೇಲೆ 31,500 ಜನ. ಒಂದು ಅಂಕ ಎಂದರೆ ಮೂರು ಮೆಟ್ಟಿಲು, ಅಂದರೆ 94,500 ಜನ. ನಿಜದಲ್ಲಿ ಯಾರೂ ಸಮನಾಗಿ ನಿಲ್ಲುವುದಿಲ್ಲ. ತುದಿಯಲ್ಲಿ ವಿರಳ, ನಡುವೆ ದಟ್ಟ. ಅರ್ಜಿ ಹಾಕಿ ಬಾರದವರೂ ಇರುತ್ತಾರೆ. ಯುಪಿಎಸ್‌ಸಿಯ 2022ರ ನಾಗರಿಕ ಸೇವಾ ಪರೀಕ್ಷೆಗೆ ಅರ್ಜಿ ಹಾಕಿದವರು 11.35 ಲಕ್ಷ, ಪ್ರಿಲಿಮ್ಸ್‌ಗೆ ಕೂತವರು 5.73 ಲಕ್ಷ, ಕೊನೆಗೆ ಆಯ್ಕೆಯಾದವರು 933. ರೈಲ್ವೆಯಲ್ಲೂ ಅರ್ಧದಷ್ಟೇ ಬಂದರೆಂದು ಇಟ್ಟುಕೊಳ್ಳೋಣ. ಆಗಲೂ ಒಂದು ಅಂಕದ ಒಳಗೆ ಅರ್ಧ ಲಕ್ಷದ ಹತ್ತಿರ ಜನ.

ಒಂದು ಪ್ರಶ್ನೆಗೆ ಸರಿ ಉತ್ತರದ ಬದಲು ತಪ್ಪು ಉತ್ತರ ಒತ್ತಿದರೆ ಬರುವ ಒಂದು ಅಂಕವೂ ಹೋಯಿತು, ಮೇಲೆ ಮೂರನೇ ಒಂದು ಕಡಿತ. ನಾಲ್ಕು ಮೆಟ್ಟಿಲು ಕೆಳಗೆ. ಎಲ್ಲರೂ ಕೂತ ಲೆಕ್ಕದಲ್ಲಿ ಸರಾಸರಿ 1,26,000 ಜನ ನಿಮ್ಮನ್ನು ದಾಟಿ ಹೋದರು. ಒಂದೇ ಒಂದು ಮೌಸ್ ಕ್ಲಿಕ್ಕಿಗೆ.

ಪಾಳಿಗೊಂದು ಪತ್ರಿಕೆ ಆದ್ದರಿಂದ ಒಂದು ಸುಲಭ, ಒಂದು ಕಠಿಣ. ಅದನ್ನು ಸರಿದೂಗಿಸುವ ಗಣಿತಕ್ಕೆ ಧಾರವಾಡದಿಂದ ಪಾಟ್ನಾದವರೆಗೆ ಎಲ್ಲ ಆಕಾಂಕ್ಷಿಗಳೂ ಹೇಳುವ ಹೆಸರು ‘ನಾರ್ಮಲೈಸೇಶನ್’. ಅದು ಮುಗಿದ ಮೇಲೆ ಅಂಕ ಐದು ದಶಮಾಂಶ ಸ್ಥಾನಗಳವರೆಗೆ ಬರುತ್ತದೆ. ಕಟ್‌ಆಫ್‌ನ ಈಚೆಗೆ ಒಬ್ಬ, ಆಚೆಗೆ ಒಬ್ಬ; ನಡುವಿನ ವ್ಯತ್ಯಾಸ ಒಂದು ಅಂಕದ ಸಾವಿರದಲ್ಲೊಂದು ಭಾಗ ಇರಬಹುದು. ಅಂಕ ಪೂರ್ತಿ ಒಂದೇ ಆದರೆ? ವಯಸ್ಸಿನಲ್ಲಿ ಹಿರಿಯರು ಮೇಲೆ. ವಯಸ್ಸೂ ಒಂದೇ ಆದರೆ ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಯಾರ ಹೆಸರು ಮೊದಲು ಬರುತ್ತದೋ ಅವರು. ಇದು ರೈಲ್ವೆಯ ಅಧಿಸೂಚನೆಯಲ್ಲೇ ಬರೆದಿರುವ ನಿಯಮ. ಅನಿಲ ಎಂದು ಹೆಸರಿಟ್ಟವರು ಮಗನಿಗೆ ಗೊತ್ತಿಲ್ಲದೆ ಒಂದು ಅನುಕೂಲ ಮಾಡಿಕೊಟ್ಟರು. ಯಲ್ಲಮ್ಮನ ಹರಕೆ ಹೊತ್ತು ಯಲ್ಲಪ್ಪ ಎಂದವರು ಅವನನ್ನು ಸಾಲಿನ ಕೊನೆಗೆ ನಿಲ್ಲಿಸಿದರು.

ಯಾರೂ ಇಲ್ಲಿ ಕೇಡು ಬಗೆದಿಲ್ಲ. ಬೇರೆ ದಾರಿಯೇ ಉಳಿಯದಾಗ ಯಾವುದೋ ಒಂದು ಗೆರೆ ಎಳೆಯಲೇಬೇಕು. ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಈ ಪ್ರಮಾಣ ಮುಟ್ಟಿದ ಪರೀಕ್ಷೆ ಯೋಗ್ಯರನ್ನು ಹುಡುಕುವ ಕೆಲಸ ಬಿಟ್ಟು, ಸಮಾನರ ನಡುವೆ ವ್ಯತ್ಯಾಸ ತಯಾರಿಸುವ ಕೆಲಸಕ್ಕೆ ಇಳಿಯುತ್ತದೆ. ಹಾಗಿರುವಾಗ ಒಳಗೆ ಹೋಗದವರನ್ನು ‘ಫೇಲಾದವರು’ ಎನ್ನುವುದು ಗಣಿತದ ಪ್ರಕಾರವೇ ಸುಳ್ಳು.

ಭಾಷೆಯ ವಿಷಯ ಇಷ್ಟು ಮಹತ್ವದ್ದಾಗುವುದೂ ಇಲ್ಲಿಯೇ. ನಮ್ಮಲ್ಲಿ 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಅರ್ಜಿ ಸಲ್ಲಿಸಿದವರು 2 ಲಕ್ಷಕ್ಕೂ ಹೆಚ್ಚು. ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದವೆಂದು ಗಲಾಟೆಯಾಗಿ, ಸರ್ಕಾರವೇ ಮರುಪರೀಕ್ಷೆಗೆ ಹೇಳಿ, ಡಿಸೆಂಬರ್ 29ಕ್ಕೆ ಮತ್ತೆ ನಡೆಯಿತು. ಆಗಲೂ ಅನುವಾದದ ದೂರು ತಪ್ಪಲಿಲ್ಲ. ‘ಒಂದೆರಡು ಪ್ರಶ್ನೆಗೆ ಇಷ್ಟೊಂದು ರಂಪ ಯಾಕೆ’ ಎಂದವರಿದ್ದರು. ಮೆಟ್ಟಿಲ ಲೆಕ್ಕ ಗೊತ್ತಿದ್ದರೆ ಹಾಗನ್ನುತ್ತಿರಲಿಲ್ಲ. ಒಂದು ವಾಕ್ಯ ಅಡ್ಡಾದಿಡ್ಡಿಯಾದರೆ ಕನ್ನಡದಲ್ಲಿ ಓದಿದ ಮಗು ಸಾವಿರಾರು ಜನರ ಹಿಂದಕ್ಕೆ ಬೀಳುತ್ತದೆ, ತನಗೆ ಗೊತ್ತಿದ್ದ ಉತ್ತರದ ಮೇಲೆಯೇ. ಅದೇ ವರ್ಷ ಗ್ರಾಮ ಆಡಳಿತ ಅಧಿಕಾರಿಯ 1,000 ಹುದ್ದೆಗಳಿಗೆ ಐದೂವರೆ ಲಕ್ಷಕ್ಕೂ ಹೆಚ್ಚು ಅರ್ಜಿ ಬಂದಿದ್ದವು. ಅಷ್ಟು ಇಕ್ಕಟ್ಟಿನಲ್ಲಿ ಒಂದು ಪದದ ತೂಕ ಎಷ್ಟೆಂದು ಪ್ರಶ್ನೆಪತ್ರಿಕೆ ಅನುವಾದಿಸುವವರ ಮೇಜಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿಡಬೇಕು.

ಕಳ್ಳರಿಗೆ ಈ ತೂಕ ನಮಗಿಂತ ಚೆನ್ನಾಗಿ ಗೊತ್ತು. ಕರ್ನಾಟಕದ 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆ ಅಕ್ರಮದಿಂದ ರದ್ದಾಗಿ, 54,000 ಅಭ್ಯರ್ಥಿಗಳು ಮರುಪರೀಕ್ಷೆಗೆ 2024ರ ಜನವರಿಯವರೆಗೆ ಕಾದರು. ಉತ್ತರ ಪ್ರದೇಶದಲ್ಲಿ 2024ರ ಫೆಬ್ರುವರಿಯ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ ಸೋರಿ ರದ್ದಾದಾಗ ಕಾಯಬೇಕಾಗಿ ಬಂದವರು 48 ಲಕ್ಷ.

ಎನ್‌ಟಿಪಿಸಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಹುದ್ದೆಯ 20 ಪಟ್ಟು ಅಭ್ಯರ್ಥಿಗಳನ್ನು ಎರಡನೇ ಹಂತಕ್ಕೆ ಕರೆಯುವುದೆಂದು ನಿಶ್ಚಯವಾಗಿತ್ತು. 2022ರ ಜನವರಿ ನಡುವೆ ಫಲಿತಾಂಶ ಬಂತು. 7 ಲಕ್ಷಕ್ಕೂ ಹೆಚ್ಚು ರೋಲ್ ನಂಬರ್‌ಗಳು. ಆದರೆ ಬೇರೆ ಬೇರೆ ವೇತನ ಶ್ರೇಣಿಯ ಪಟ್ಟಿಗಳಲ್ಲಿ ಅದೇ ವ್ಯಕ್ತಿಯ ನಂಬರು ಎರಡು, ಮೂರು ಸಲ ಕಾಣಿಸಿತ್ತು. 7 ಲಕ್ಷ ಸಾಲುಗಳಿದ್ದವು, 7 ಲಕ್ಷ ಜನ ಇರಲಿಲ್ಲ. ಬಿಹಾರ, ಉತ್ತರ ಪ್ರದೇಶಗಳಲ್ಲಿ ಹುಡುಗರು ಹಳಿಗಳ ಮೇಲೆ ಕೂತರು. ಗಣರಾಜ್ಯೋತ್ಸವದ ದಿನ ಗಯಾದಲ್ಲಿ ರೈಲು ಬೋಗಿಗೆ ಬೆಂಕಿ ಬಿತ್ತು. ಬೆಂಕಿಯನ್ನು ನಾನು ಒಪ್ಪಲಾರೆ. ಆದರೆ 2019ರ ಫೆಬ್ರುವರಿಯಲ್ಲಿ 22 ವರ್ಷದವನಾಗಿ ಅರ್ಜಿ ತುಂಬಿದವನು ಆಗ 25ರ ಹತ್ತಿರ ಬಂದಿದ್ದ, ಮೊದಲ ಹಂತವಷ್ಟೇ ಮುಗಿದಿತ್ತು ಎಂಬುದನ್ನು ಮರೆಯಲಾರೆ. ಕೊನೆಗೆ ರೈಲ್ವೆ ಅವರ ವಾದ ಒಪ್ಪಿತು. ಪಟ್ಟಿಗಳು ತಿದ್ದುಪಡಿಯಾದವು, ಒಬ್ಬರನ್ನು ಒಂದು ಶ್ರೇಣಿಯಲ್ಲಿ ಒಮ್ಮೆ ಮಾತ್ರ ಎಣಿಸುವಂತೆ ಆಯಿತು. ಎಣಿಕೆಯ ಪ್ರಶ್ನೆಗೇ ಒಂದು ಚಳವಳಿ ಬೇಕಾಯಿತು.

ಇಷ್ಟರಲ್ಲಿ ನಾವು ಎಣಿಸದೇ ಬಿಟ್ಟದ್ದು ಒಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು: ಕಲಿಕೆ. ಧಾರವಾಡದ ಸಪ್ತಾಪುರಕ್ಕೆ ಹೋದರೆ ಕೋಚಿಂಗ್ ಸೆಂಟರ್, ರೀಡಿಂಗ್ ರೂಮ್, ಪಿಜಿ, ಮೆಸ್ ಸಾಲುಸಾಲಾಗಿ ಕಾಣುತ್ತವೆ. ಬೆಂಗಳೂರಿನ ವಿಜಯನಗರ, ವಿಜಯಪುರ ಕೂಡ ಹಾಗೇ. ಅಲ್ಲಿ ಓದುವವರು ಕಲಿಯುವುದನ್ನು ನೋಡಿ. ಶೇಕಡಾವಾರು, ಚಕ್ರಬಡ್ಡಿ, ಕಾಲ ಮತ್ತು ಕೆಲಸ, ರೈಲು ಸೇತುವೆ ದಾಟುವ ಲೆಕ್ಕ, ಸಂವಿಧಾನದ ವಿಧಿಗಳು, ರಕ್ತದ ಗುಂಪುಗಳು, ನದಿಗಳ ಉಗಮ, ವರ್ಷದ ಬಜೆಟ್. ಇದರ ಜೊತೆಗೆ 90 ನಿಮಿಷ ಮೈಯೆಲ್ಲ ಕಣ್ಣಾಗಿ ಕೂರುವುದು, ಗೊತ್ತಿಲ್ಲದ್ದನ್ನು ಮುಟ್ಟದೆ ಮುಂದೆ ಹೋಗುವುದು. ಉದ್ಯೋಗ ಕೊಡುವವರು ಹುಡುಕುವ ಗುಣಗಳೇ ಇವು.

ಒಂದು ಸಣ್ಣ ಲೆಕ್ಕ. ಆ 1.26 ಕೋಟಿ ಮಂದಿ ತಲಾ ಬರೀ 100 ಗಂಟೆ, ಅಂದರೆ ದಿನಕ್ಕೊಂದು ಗಂಟೆಯಂತೆ 100 ದಿನ, ಓದಿದರು ಎಂದುಕೊಳ್ಳಿ. ರೀಡಿಂಗ್ ರೂಮಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂರುವವರ ಮುಂದೆ ಇದು ಏನೂ ಅಲ್ಲ. ಆದರೂ 126 ಕೋಟಿ ಗಂಟೆಯಾಯಿತು. ಒಬ್ಬ ನೌಕರ ವರ್ಷಕ್ಕೆ 2,000 ಗಂಟೆ ದುಡಿದರೆ ಇದು 6.3 ಲಕ್ಷ ಜನ ಇಡೀ ವರ್ಷ ಮಾಡುವ ಕೆಲಸ. ರೈಲ್ವೆಯ 12 ಲಕ್ಷ ನೌಕರರೂ ಸೇರಿ ಆರು ತಿಂಗಳು ಮೈಮುರಿದು ದುಡಿದಷ್ಟು ಶ್ರಮ, ಇನ್ನೂ ರೈಲ್ವೆಯ ಒಳಗೆ ಕಾಲಿಡದವರಿಂದ. ಅದರಲ್ಲಿ ಸಂಬಳದ ರೂಪದಲ್ಲಿ ಫಲ ಕಂಡದ್ದು ಸುಮಾರು 350 ಮಂದಿಗೆ ಒಬ್ಬರಂತೆ.

ಇಡೀ ಕೇಂದ್ರ ಸರ್ಕಾರದ ಲೆಕ್ಕವೂ ಇದಕ್ಕೆ ಹತ್ತಿರದ್ದೇ. 2022ರ ಜುಲೈಯಲ್ಲಿ ಲೋಕಸಭೆಗೆ ಸರ್ಕಾರ ಕೊಟ್ಟ ಉತ್ತರದಂತೆ, 2014–15ರಿಂದ 2021–22ರವರೆಗಿನ ಎಂಟು ವರ್ಷಗಳಲ್ಲಿ ಬಂದ ಅರ್ಜಿ 22.05 ಕೋಟಿ. ನೇಮಕಾತಿಗೆ ಶಿಫಾರಸಾದವರು 7.22 ಲಕ್ಷ. 305ಕ್ಕೆ ಒಬ್ಬರು.

ಖಾಸಗಿ ವಲಯದಲ್ಲಿ ಕಲಿಕೆ ಕೆಲಸ ಸಿಕ್ಕ ಮೇಲೆ ಶುರುವಾಗುತ್ತದೆ. ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ 330ಕ್ಕೂ ಹೆಚ್ಚು ಎಕರೆಯಲ್ಲಿ ಹಬ್ಬಿರುವುದು ಆ ಕೆಲಸಕ್ಕಾಗಿ: ಯಾವ ಬ್ರಾಂಚಿನ ಎಂಜಿನಿಯರ್ ಆದರೂ ಬರಲಿ, ತಿಂಗಳುಗಟ್ಟಲೆ ಕೂರಿಸಿ ಕೋಡಿಂಗ್ ಕಲಿಸುತ್ತೇವೆ ಎಂದು. 2021–22ರಲ್ಲಿ ಟಿಸಿಎಸ್ ಒಂದು ಲಕ್ಷ, ಇನ್ಫೋಸಿಸ್ 85,000 ಹೊಸಬರನ್ನು ತೆಗೆದುಕೊಂಡವು. ಎರಡೇ ವರ್ಷ ಕಳೆದು 2023–24ರಲ್ಲಿ ಟಿಸಿಎಸ್‌ನ ಒಟ್ಟು ನೌಕರರು 13,249ರಷ್ಟು, ಇನ್ಫೋಸಿಸ್‌ನವರು 25,994ರಷ್ಟು ಕಡಿಮೆಯಾದರು. 2025ರ ಜುಲೈಯಲ್ಲಿ ಟಿಸಿಎಸ್ ಇನ್ನೂ 12,000 ಮಂದಿಯನ್ನು ಬಿಡುವುದಾಗಿ ಹೇಳಿತು. ಅಲ್ಲಿ ಇರುವವರು ಪ್ರತಿ ವರ್ಷ ಹೊಸದೊಂದನ್ನು ಕಲಿಯುತ್ತಲೇ ಇರಬೇಕು, ಕಲಿತರೂ ಭರವಸೆಯಿಲ್ಲ. ಆದರೂ ಅವರ ಕಲಿಕೆ ಅವರ ರೆಸ್ಯೂಮೆಯಲ್ಲಿ ಉಳಿಯುತ್ತದೆ, ಮುಂದಿನ ಕಂಪನಿ ಅದನ್ನು ಓದುತ್ತದೆ. ಸರ್ಕಾರಿ ನೌಕರರಿಗೂ 2020ರಲ್ಲಿ ಅನುಮೋದನೆಯಾದ ಮಿಷನ್ ಕರ್ಮಯೋಗಿಯ ‘ಐಗಾಟ್’ ವೇದಿಕೆ ಬಂದಿದೆ. 2025ರಲ್ಲಿ ಅದರ ನೋಂದಣಿ ಒಂದು ಕೋಟಿ ದಾಟಿತು. ಒಳಗಿರುವವರು ಯಾವ ಕೋರ್ಸ್ ಮುಗಿಸಿದರೆಂದು ಅದು ದಾಖಲಿಸುತ್ತದೆ. ಬಾಗಿಲ ಹೊರಗೆ ಐದಾರು ವರ್ಷ ಕಲಿತವರ ರೆಸ್ಯೂಮೆಯಲ್ಲಿ ಮಾತ್ರ ಆ ವರ್ಷಗಳ ಜಾಗ ಖಾಲಿ.

ಸರ್ಕಾರಕ್ಕೆ ಇದು ಹೊಳೆದಿಲ್ಲ ಎನ್ನಲಾಗದು. ಪ್ರತಿ ಇಲಾಖೆಗೆ ಬೇರೆ ಬೇರೆ ಪರೀಕ್ಷೆ ಬೇಡ, ಒಂದೇ ಸಾಮಾನ್ಯ ಪರೀಕ್ಷೆ ನಡೆಸೋಣ, ಅದರ ಅಂಕ ಮೂರು ವರ್ಷ ನಡೆಯಲಿ ಎಂದು ರಾಷ್ಟ್ರೀಯ ನೇಮಕಾತಿ ಸಂಸ್ಥೆಗೆ ಕೇಂದ್ರ ಸಂಪುಟ 2020ರ ಆಗಸ್ಟ್ 19ರಂದೇ ಒಪ್ಪಿಗೆ ಕೊಟ್ಟಿತು. ಖರ್ಚಿಗೆ 1,517.57 ಕೋಟಿ ರೂಪಾಯಿ. ಮುಂದಿನ ನಾಲ್ಕು ವರ್ಷಗಳಲ್ಲಿ ಆ ಪರೀಕ್ಷೆ ಒಮ್ಮೆಯೂ ನಡೆಯಲಿಲ್ಲ. ಈ ನಡುವೆ ಇಕ್ಕಟ್ಟು ಹೆಚ್ಚಿತು. ರೈಲ್ವೆ 2024ರಲ್ಲಿ ಮತ್ತೆ ಎನ್‌ಟಿಪಿಸಿ ಕರೆದಾಗ ಹುದ್ದೆಗಳು 11,558, ಅರ್ಜಿಗಳು 1.21 ಕೋಟಿ. ಒಂದು ಹುದ್ದೆಗೆ 1,047. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದವಾದದ್ದು, 1,507 ಮೀಟರ್. ಅರ್ಧ ಮೀಟರಿಗೊಬ್ಬರಂತೆ ಅದರ ಈ ತುದಿಯಿಂದ ಆ ತುದಿಯವರೆಗೆ ನಿಲ್ಲಿಸಿದರೆ 3,000 ಜನ. ಆ ಪೂರ್ತಿ ಸಾಲಿಗೆ ಸಿಗುವ ಕೆಲಸ ಮೂರು ಕೂಡ ಅಲ್ಲ.

ಆಸೆ ಹುಟ್ಟಿಸುವ ಒಂದು ಸಣ್ಣ ಕೆಲಸ ಯುಪಿಎಸ್‌ಸಿ ಮಾಡಿದೆ. ಸಂದರ್ಶನದವರೆಗೆ ಬಂದು ಕೊನೆಯ ಪಟ್ಟಿಯಲ್ಲಿ ಹೆಸರು ಬಾರದವರ ವಿವರವನ್ನು, ಅವರು ಒಪ್ಪಿದರೆ, ಬೇರೆ ಸಂಸ್ಥೆಗಳು ಮತ್ತು ಖಾಸಗಿ ಕಂಪನಿಗಳು ನೋಡುವಂತೆ ‘ಪ್ರತಿಭಾ ಸೇತು’ ಎಂಬ ಪೋರ್ಟಲಿನಲ್ಲಿ ಇಡುತ್ತದೆ. ಅಲ್ಲಿರುವವರು 10,000ಕ್ಕೂ ಹೆಚ್ಚು. ಇದನ್ನೇ ರೈಲ್ವೆಯ ಅಳತೆಗೆ ಹಿಗ್ಗಿಸಿ ನೋಡಿ. 35,281 ಹುದ್ದೆಯ 20 ಪಟ್ಟು ಎಂದರೆ 7 ಲಕ್ಷ. ಎರಡೆರಡು ಸಲ ಎಣಿಸಿದವರನ್ನು ಕಳೆದರೂ ಲಕ್ಷಗಟ್ಟಲೆ ಜನ, ಬಹುತೇಕರು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯನ್ನು ಹಿಂದಿಕ್ಕಿ ಬಂದವರು. ಹುಬ್ಬಳ್ಳಿಯ ಒಂದು ಸಹಕಾರಿ ಬ್ಯಾಂಕಿಗೆ, ರಾಯಚೂರಿನ ಒಂದು ಅಕ್ಕಿ ಗಿರಣಿಯ ಲೆಕ್ಕಪತ್ರಕ್ಕೆ, ಬಸ್ಸು ಲಾರಿ ಓಡಿಸುವ ಸಾರಿಗೆ ಕಂಪನಿಯ ವೇಳಾಪಟ್ಟಿ ವಿಭಾಗಕ್ಕೆ ಇಂಥವರು ಬೇಕು. ಆದರೆ ಅವರ ಎದುರಿಗೆ ಅಭ್ಯರ್ಥಿ ಹೋಗಿ ನಿಂತಾಗ ತೋರಿಸಲು ಇರುವುದು ಹಳೆಯ ಪದವಿ ಅಂಕಪಟ್ಟಿ ಮಾತ್ರ. ಗಣಿತದಲ್ಲಿ ಇಷ್ಟು, ತರ್ಕದಲ್ಲಿ ಇಷ್ಟು, ದೇಶದಲ್ಲಿ ಇವರ ಸ್ಥಾನ ಇಲ್ಲಿ ಎಂದು ಹೇಳುವ, ಮೂರು ವರ್ಷ ನಡೆಯುವ ಒಂದು ಪ್ರಮಾಣಪತ್ರವನ್ನು ಅವರ ಕೈಗೆ ಕೊಡಬೇಕು, ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲೇ. ಅದಕ್ಕೆ ಹೊಸ ಪರೀಕ್ಷೆ ಬೇಡ, ಹೊಸ ಅರ್ಜಿ ಬೇಡ, 1,517 ಕೋಟಿಯೂ ಬೇಡ. ಬೇಕಾದ ಮಾಹಿತಿ ಐದು ದಶಮಾಂಶ ಸ್ಥಾನಗಳವರೆಗೆ ಆಗಲೇ ಲೆಕ್ಕವಾಗಿದೆ.